ಹಳೇ ಲಕ್ಸುರಿ ಕಾರಿನ ಸನ್‌ರೂಫ್, ಮಿರರ್: ಕೆಟ್ಟರೆ ಯಾರ ತಪ್ಪು, ಎಷ್ಟು ಖರ್ಚು?

ಕಳೆದ ಚಳಿಗಾಲದ ಒಂದು ಗುರುವಾರ ರಾತ್ರಿ. ಊಟ ಮುಗಿಸಿ ಕೂತಿದ್ದೆ, ಪರಿಚಯದ ಹೌಸ್ ಡ್ರೈವರ್ ಒಬ್ಬ ಫೋನ್ ಮಾಡಿದ. ಬಂಟ್ವಾಳ ಕಡೆಯವನು, ನನಗೆ ತಮ್ಮನ ಹಾಗೆ. ಇಲ್ಲೇ ಅಲ್ ಹಿಲಾಲ್‌ನಲ್ಲಿ, ನಮ್ಮ ಬಿಲ್ಡಿಂಗಿನಿಂದ ಎರಡು ಬೀದಿ ಆಚೆಗಿನ ವಿಲ್ಲಾದಲ್ಲಿ ಏಳು ವರ್ಷದಿಂದ ಕೆಲಸ.

"ಅಣ್ಣ, ನಾನು ಸನ್‌ರೂಫ್ ಮುಟ್ಟಲೇ ಇಲ್ಲ. ಮಳೆ ಬಂದ ದಿನ ಓಪನ್ ಬಿಟ್ಟಿದ್ದೀ ಅಂತ ಬಾಬಾ ಹೇಳ್ತಿದ್ದಾರೆ. ಕಾರೊಳಗೆಲ್ಲ ನೀರು. ಸಂಬಳದಲ್ಲಿ ಕಟ್ ಮಾಡ್ತಾರಂತೆ."

ಗ್ಯಾರೇಜಿನವರು ಕೊಟ್ಟ ಕೊಟೇಶನ್ನಿನ ಫೋಟೋ ಕಳಿಸು ಅಂದೆ. ನಾನು ಬಿ.ಕಾಂ ಓದಿದವನು, ಇಪ್ಪತ್ತು ವರ್ಷದಿಂದ ಬಿಲ್ಲು, ವೋಚರು ನೋಡುವುದೇ ನನ್ನ ಕೆಲಸ. ಕೊಟೇಶನ್ ಹೀಗಿತ್ತು: ಸನ್‌ರೂಫ್ ಅಸೆಂಬ್ಲಿ ಪೂರ್ತಿ, ಸೆಕೆಂಡ್ ಹ್ಯಾಂಡ್, 1,900 ರಿಯಾಲ್. ಒಳಗಿನ ಮೇಲ್ಛಾವಣಿ ಬಟ್ಟೆ 650. ಎಡಗಡೆ ಮಿರರ್ ಪೂರ್ತಿ 1,100. ಲೇಬರ್ 500. ಒಟ್ಟು 4,150 ರಿಯಾಲ್. ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ. ಅವನ ಸಂಬಳ 1,700. ತಿಂಗಳಿಗೆ 300ರಂತೆ ಹಿಡಿದರೆ ಹದಿನಾಲ್ಕು ತಿಂಗಳು. ಮಗಳ ಪಿಯುಸಿ ಮುಗಿದಿತ್ತು, ನರ್ಸಿಂಗ್ ಸೀಟಿಗೆ ದುಡ್ಡು ಕಟ್ಟಬೇಕಿತ್ತು. ಮೊದಲ ತಿಂಗಳ 300 ಆಗಲೇ ಕಟ್ ಆಗಿತ್ತು.

ಕಾರು 2006ರ ಮಾಡೆಲ್, ಯುರೋಪಿನ ದೊಡ್ಡ ಹೆಸರಿನದು. ಹೆಸರು ಇಲ್ಲಿ ಬೇಡ. ಯಾಕೆಂದರೆ ಈ ಕಾಯಿಲೆ ಒಂದು ಕಂಪನಿಯದ್ದಲ್ಲ, ವಯಸ್ಸಾದ ಎಲ್ಲ ಸನ್‌ರೂಫ್ ಕಾರುಗಳದ್ದು.

ಗಲ್ಫ್‌ನಲ್ಲಿ ನಮ್ಮವರು ಎರಡು ರೀತಿಯಲ್ಲಿ ಇಂಥ ಕಾರಿನ ಹತ್ತಿರ ಬರ್ತಾರೆ. ಒಂದು, ಮನೆಯ ಡ್ರೈವರ್ ಆಗಿ. ಇನ್ನೊಂದು, "ಮೂರು ಲಕ್ಷದ ಕಾರು ಹದಿನೈದು ಸಾವಿರಕ್ಕೆ ಸಿಗ್ತದೆ" ಅಂತ ಸ್ವಂತಕ್ಕೆ ಕೊಳ್ಳುವವರಾಗಿ. ಇಬ್ಬರಿಗೂ ಬೇಕಾಗುವ ವಿಷಯ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮುಚ್ಚಿದ ಸನ್‌ರೂಫಿನಲ್ಲೂ ನೀರು ಇಳಿಯುತ್ತದೆ

ಕಾರಿನ ಮಾಡಿಗೆ ಕಿಂಡಿ ಇಡುವುದು ಹೊಸ ವಿದ್ಯೆ ಅಲ್ಲ. ಅಮೆರಿಕದ ನ್ಯಾಶ್ ಕಂಪನಿ 1937ರಲ್ಲೇ ಸನ್‌ರೂಫ್ ಕೊಟ್ಟಿತ್ತು. ಅಂದಿನಿಂದ ಇಂದಿನವರೆಗೆ ಒಂದು ವಿಷಯ ಬದಲಾಗಿಲ್ಲ: ಸರಿಯುವ ಗಾಜಿನ ಸುತ್ತ ಎಷ್ಟೇ ಒಳ್ಳೆಯ ರಬ್ಬರ್ ಹಾಕಿದರೂ ಅದು ನೀರನ್ನು ನೂರಕ್ಕೆ ನೂರು ತಡೆಯುವುದಿಲ್ಲ. ತಯಾರಿಸುವವರಿಗೂ ಇದು ಗೊತ್ತು. ಅದಕ್ಕೇ ಗಾಜಿನ ಕೆಳಗೆ ಸುತ್ತಲೂ ಒಂದು ಸಣ್ಣ ಕಾಲುವೆ ಇಟ್ಟಿರ್ತಾರೆ. ರಬ್ಬರ್ ದಾಟಿ ಬಂದ ನೀರು ಆ ಕಾಲುವೆಗೆ ಬೀಳುತ್ತದೆ. ಕಾಲುವೆಯ ಮೂಲೆಗಳಿಂದ ಬೆರಳಿಗಿಂತ ಸಪೂರದ ಪೈಪುಗಳು ಕೆಳಗೆ ಇಳಿಯುತ್ತವೆ. ಮುಂದಿನವು ಗ್ಲಾಸಿನ ಪಕ್ಕದ ಕಂಬದೊಳಗಿಂದ ಇಳಿದು ಬಾಗಿಲಿನ ಹಿಂಜಿನ ಹತ್ತಿರ ಅಥವಾ ಮುಂದಿನ ಚಕ್ರದ ಹಿಂದೆ ನೀರು ಬಿಡುತ್ತವೆ. ಹಿಂದಿನವು ಹಿಂದಿನ ಚಕ್ರ ಅಥವಾ ಬಂಪರ್ ಹತ್ತಿರ.

ನಮ್ಮ ಊರಿನ ಹಂಚಿನ ಮನೆ ನೆನಪು ಮಾಡಿಕೊಳ್ಳಿ. ಮಾಡಿನ ನೀರು ಅಂಗಳಕ್ಕೆ ಹೋಗಲಿ ಅಂತ ಅಡಿಕೆ ಮರದ ದಂಬೆ ಕಟ್ಟಿರ್ತೇವೆ. ದಂಬೆಯಲ್ಲಿ ಹಲಸಿನ ಎಲೆ ತುಂಬಿದರೆ ನೀರು ಎಲ್ಲಿಗೆ ಬರ್ತದೆ? ಜಗಲಿಗೆ. ಹಂಚು ಒಡೆದಿಲ್ಲ, ಮಾಡು ಸರಿಯಾಗೇ ಇದೆ, ಆದರೂ ಮನೆಯೊಳಗೆ ನೀರು. ಸನ್‌ರೂಫಿನ ಕಥೆಯೂ ಅಷ್ಟೇ.

ದೋಹಾದಲ್ಲಿ ಎಲೆ ಇಲ್ಲ, ಧೂಳಿದೆ. ವರ್ಷದಲ್ಲಿ ಎಂಟು ಹತ್ತು ತಿಂಗಳು ಆ ಪೈಪಿಗೆ ಇಳಿಯುವುದು ಮರಳಿನ ಪುಡಿ ಮಾತ್ರ. ಮೇಲಿಂದ ಕಾರು ಒರೆಸುವ ಬಕೆಟ್ ನೀರು ನಾಲ್ಕು ಹನಿ ಸೇರಿದರೆ ಆ ಪುಡಿ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಕೆಲವು ಕಾರುಗಳಲ್ಲಿ ಪೈಪಿನ ತುದಿಗೆ ರಬ್ಬರ್ ಮೂತಿ ಇರುತ್ತದೆ, ನೀರು ಹೊರಗೆ ಹೋಗಬೇಕು, ಧೂಳು ಒಳಗೆ ಬರಬಾರದು ಅಂತ. ಬಿಸಿಲಿಗೆ ಅದು ಅಂಟಿಕೊಂಡು ಬಾಯಿ ಬಿಡುವುದೇ ಇಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ದೋಹಾದಲ್ಲಿ 75ರ ಆಸುಪಾಸು. ಹಾಗಾಗಿ ಪೈಪ್ ಕಟ್ಟಿದ್ದು ಇಲ್ಲಿ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಒಂದೇ ದಿನ ಜಡಿಮಳೆ ಬಂದಾಗ. 2018ರ ಅಕ್ಟೋಬರ್ 20 ಇಲ್ಲಿದ್ದವರಿಗೆ ನೆನಪಿರಬಹುದು, ಹೆಚ್ಚುಕಡಿಮೆ ಒಂದು ವರ್ಷದ ಮಳೆ ಒಂದೇ ದಿನ ಸುರಿದಿತ್ತು. ಅಂಥ ದಿನ ಕಾಲುವೆ ತುಂಬಿ, ನೀರು ಮೇಲ್ಛಾವಣಿ ಬಟ್ಟೆಗೆ, ಅಲ್ಲಿಂದ ಕಂಬದ ಒಳಗೆ, ಕೊನೆಗೆ ಕಾಲಿನ ಹತ್ತಿರದ ಕಾರ್ಪೆಟ್ಟಿಗೆ ಇಳಿಯುತ್ತದೆ. ನೋಡಿದವರು ಹೇಳುವುದು ಒಂದೇ ಮಾತು: "ಡ್ರೈವರ್ ಓಪನ್ ಬಿಟ್ಟಿದ್ದಾನೆ."

ಒಂದು ಬಾಟಲಿ ನೀರಿನ ಪರೀಕ್ಷೆ

ಮರುದಿನ ಶುಕ್ರವಾರ ಬೆಳಿಗ್ಗೆ ಅವನಿದ್ದಲ್ಲಿಗೆ ಹೋದೆ. ಮೊದಲು ಸೀಟು ನೋಡಿದೆವು. ಸನ್‌ರೂಫ್ ತೆರೆದೇ ಇದ್ದಿದ್ದರೆ ಸೀಟಿನ ನಡುವೆ, ಗೇರಿನ ಹತ್ತಿರ ಒದ್ದೆ ಆಗಬೇಕಿತ್ತು. ಅಲ್ಲೆಲ್ಲ ಕಲೆಯೇ ಇಲ್ಲ. ಕಲೆ ಇದ್ದದ್ದು ಎಡಗಡೆ ಕಂಬದ ಮೇಲ್ತುದಿಯಲ್ಲಿ, ಕಂದು ಬಣ್ಣದ ಉಂಗುರದ ಹಾಗೆ. ಕೆಳಗೆ ಕಾರ್ಪೆಟ್ ಒತ್ತಿದರೆ ಚಪ್ ಚಪ್ ಅಂತಿತ್ತು.

ಆಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ ತಂದು, ಸನ್‌ರೂಫ್ ತೆರೆದು, ಮುಂದಿನ ಬಲ ಮೂಲೆಯ ಕಾಲುವೆಗೆ ನಿಧಾನಕ್ಕೆ ಒಂದು ಲೋಟದಷ್ಟು ನೀರು ಬಿಟ್ಟೆವು. ಅರ್ಧ ನಿಮಿಷದಲ್ಲಿ ಬಲ ಮುಂಚಕ್ರದ ಹಿಂದೆ ನೆಲದ ಮೇಲೆ ಹನಿ ಹನಿ ಬಿತ್ತು. ಎಡ ಮೂಲೆಗೆ ಬಿಟ್ಟೆವು. ಕೆಳಗೆ ಒಂದು ಹನಿಯೂ ಇಲ್ಲ. ನೀರು ಕಾಲುವೆಯಲ್ಲೇ ನಿಂತಿತು. ಇನ್ನೆರಡು ಗುಟುಕು ಹೆಚ್ಚು ಬಿಟ್ಟದ್ದೇ, ಅದೇ ಕಲೆ ಇದ್ದ ಜಾಗದಿಂದ ಒಳಗೆ ಜಾರಿತು.

"ಇದನ್ನು ವಿಡಿಯೋ ಮಾಡು ಮಾರಾಯ, ಎರಡೂ ಕಡೆಯದ್ದು" ಅಂದೆ. ಅವನ ಕೈ ನಡುಗುತ್ತಿತ್ತು. ಮೊಬೈಲ್ ನಾನೇ ಹಿಡಿದುಕೊಂಡೆ.

ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಎರಡು ಎಚ್ಚರ: ನೀರು ಲೋಟದ ಲೆಕ್ಕದಲ್ಲಿ ಇರಲಿ, ಹೋಸ್ ಪೈಪ್ ಬೇಡ. ಮತ್ತು ನೀರು ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಕಾಲುವೆಯಲ್ಲಿ ನಿಂತದ್ದನ್ನು ಬಟ್ಟೆಯಿಂದ ಹೀರಿಸಿ ತೆಗೆಯಿರಿ.

ಇನ್ನೊಂದು ಗೊಂದಲವನ್ನೂ ಹೇಳಿಬಿಡ್ತೇನೆ. ಮಳೆ ಇಲ್ಲ, ವಾಶ್ ಮಾಡಿಸಿಲ್ಲ, ಆಗಸ್ಟ್ ತಿಂಗಳ ಸೆಕೆಯಲ್ಲಿ ಕಾರ್ಪೆಟ್ ಒದ್ದೆ ಆಗಿದೆ ಅಂದರೆ ಅದು ಸನ್‌ರೂಫ್ ಅಲ್ಲ. ಎಸಿಯ ನೀರು ಹೊರಗೆ ಹೋಗುವ ಪೈಪ್ ಕಟ್ಟಿರುತ್ತದೆ. ಇಲ್ಲಿಯ ಹ್ಯುಮಿಡಿಟಿಯಲ್ಲಿ ಎಸಿ ದಿನಕ್ಕೆ ಲೀಟರುಗಟ್ಟಲೆ ನೀರು ಬಿಡುತ್ತದೆ. ಎಸಿ ಓಡುವಾಗ ನಿಂತ ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದೆ ಒಳಗೆ ಒದ್ದೆಯಾದರೆ ಎಸಿ ಕಡೆ ನೋಡಿ. ಇದಕ್ಕೂ ಸನ್‌ರೂಫ್ ಬದಲಿಸಿದವರನ್ನು ನಾನು ಕಂಡಿದ್ದೇನೆ.

ಒದ್ದೆಯನ್ನು ಮಾತ್ರ ಹಾಗೇ ಬಿಡಬಾರದು. ಇಂಥ ಕಾರುಗಳಲ್ಲಿ ಕಾರ್ಪೆಟ್ಟಿನ ಕೆಳಗೆ, ಸೀಟಿನ ಕೆಳಗೆ, ಡಿಕ್ಕಿಯ ಮೂಲೆಯಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳು, ವೈರಿನ ಗಂಟುಗಳು ಇರುತ್ತವೆ. ಕಾರ್ಪೆಟ್ ಮೇಲೆ ಒಣಗಿದ ಹಾಗೆ ಕಂಡರೂ ಕೆಳಗಿನ ದಪ್ಪ ಸ್ಪಾಂಜಿನಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತದೆ. ಆಮೇಲೆ ಬ್ಯಾಟರಿ ರಾತ್ರಿ ಬೆಳಗಾಗುವುದರೊಳಗೆ ಇಳಿಯುವುದು, ಕಿಟಕಿ ತನ್ನಷ್ಟಕ್ಕೆ ಇಳಿಯುವುದು, ಏರ್‌ಬ್ಯಾಗ್ ಲೈಟ್ ಹತ್ತುವುದು ಶುರುವಾಗುತ್ತದೆ. ಆ ಖರ್ಚಿನ ಮುಂದೆ ಸನ್‌ರೂಫಿನ ಖರ್ಚು ಏನೂ ಅಲ್ಲ.

ಸನ್‌ರೂಫ್ ಸಿಕ್ಕಿಕೊಂಡರೆ

ನೀರಿನ ನಂತರದ ದೂರು, ಗಾಜು ಅರ್ಧಕ್ಕೆ ನಿಲ್ಲುವುದು, ಓರೆಯಾಗುವುದು, ಟಕ ಟಕ ಸದ್ದು. ಗಾಜನ್ನು ಎಳೆಯುವುದು ಒಂದು ಸಣ್ಣ ಮೋಟಾರ್ ಮತ್ತು ಹಲ್ಲಿರುವ ಎರಡು ಕೇಬಲ್. ಅವು ಹಳಿಯ ಮೇಲೆ ಓಡುತ್ತವೆ. ಹಳಿಯಲ್ಲಿನ ಹಳೇ ಗ್ರೀಸಿಗೆ ಮರಳು ಸೇರಿದರೆ ಅದು ಗ್ರೀಸ್ ಅಲ್ಲ, ಉಜ್ಜುವ ಪೇಸ್ಟ್. ಅದರಲ್ಲಿ ಬಲವಂತವಾಗಿ ಬಟನ್ ಒತ್ತುತ್ತಾ ಹೋದರೆ ಪ್ಲಾಸ್ಟಿಕ್ ಗೈಡ್ ಮುರಿಯುತ್ತದೆ. ಆಗ ನಿಜವಾಗಿಯೂ ದೊಡ್ಡ ಕೆಲಸ.

ಆದರೆ ಎಲ್ಲ ಸಲವೂ ಮುರಿದೇ ಇರುವುದಿಲ್ಲ. ಬ್ಯಾಟರಿ ಬದಲಿಸಿದ ಮೇಲೆ ಸನ್‌ರೂಫ್ ಪೂರ್ತಿ ಮುಚ್ಚುವುದಿಲ್ಲ ಅಥವಾ ಮುಚ್ಚಿ ತಕ್ಷಣ ತೆರೆಯುತ್ತದೆ ಅಂದರೆ, ಅದು ತನ್ನ ಅಳತೆ ಮರೆತಿದೆ ಅಷ್ಟೇ. ತುಂಬ ಕಾರುಗಳಲ್ಲಿ ಬಟನ್ನನ್ನು ಕೆಲವು ಸೆಕೆಂಡು ಒತ್ತಿಯೇ ಹಿಡಿದರೆ ಒಂದು ಸುತ್ತು ಓಡಿ ಮತ್ತೆ ಕಲಿತುಕೊಳ್ಳುತ್ತದೆ. ಕ್ರಮ ಮಾಡೆಲಿನಿಂದ ಮಾಡೆಲಿಗೆ ಬೇರೆ, ಕಾರಿನ ಮ್ಯಾನುಯಲ್ ನೋಡಬೇಕು. ಹಾಗೆಯೇ ಕರೆಂಟ್ ಇಲ್ಲದಾಗ ಕೈಯಿಂದ ಮುಚ್ಚಲು ಅನೇಕ ಕಾರುಗಳಲ್ಲಿ ಮೇಲಿನ ಲೈಟಿನ ಹತ್ತಿರ ಒಂದು ಅಲೆನ್ ಕೀ ಜಾಗ ಇರುತ್ತದೆ. ಫ್ಯೂಸ್ ನೋಡದೆ ಮೋಟಾರ್ ಬದಲಿಸಲು ಒಪ್ಪಬೇಡಿ.

ಮಿರರಿನ ಮೂರು ಕಾಯಿಲೆ

ಇನ್ನು ಕೊಟೇಶನ್ನಿನ 1,100 ರಿಯಾಲಿನ ಮಿರರ್. ಲಕ್ಸುರಿ ಕಾರಿನ ಮಿರರ್ ಅಂದರೆ ಬರೀ ಕನ್ನಡಿಯಲ್ಲ. ಗಾಜು ಮೇಲೆ ಕೆಳಗೆ, ಅತ್ತ ಇತ್ತ ತಿರುಗಲು ಎರಡು ಮೋಟಾರ್, ಮಡಚಲು ಇನ್ನೊಂದು, ಮಂಜು ಒಣಗಿಸಲು ಹೀಟರ್, ಇಂಡಿಕೇಟರ್ ಲೈಟ್, ಕೆಲವದರಲ್ಲಿ ಮೆಮೊರಿ. ಇಷ್ಟೂ ಒಂದು ಬೊಗಸೆ ಜಾಗದಲ್ಲಿ.

ಮೊದಲನೇ ಕಾಯಿಲೆ ಮಡಚುವ ಗೇರಿನದ್ದು. ನಮ್ಮ ಅಲ್ ಹಿಲಾಲ್ ಒಳಬೀದಿಗಳು ನಿಮಗೆ ಗೊತ್ತೇ ಇದೆ, ಒಂದು ಮನೆಯ ಮುಂದೆ ಆರು ಕಾರು. ದಾಟಿ ಹೋಗುವವರು ಮಿರರನ್ನು ಕೈಯಿಂದ ತಳ್ಳಿ ಮಡಚಿ ಹೋಗ್ತಾರೆ. ಬಟನ್ನಿನಿಂದ ಮಡಚುವ ಮಿರರನ್ನು ಪದೇ ಪದೇ ಕೈಯಿಂದ ಎಳೆದರೆ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆಯುತ್ತದೆ. ಮಡಚಿದ ಮೇಲೂ ಕಟ ಕಟ ಸದ್ದು ನಿಲ್ಲದಿದ್ದರೆ ಅದೇ ಕಾರಣ. ಗೇರ್ ಮಾತ್ರ ಬದಲಿಸಬಹುದು, ಇಡೀ ಮಿರರ್ ಬೇಕಿಲ್ಲ.

ಎರಡನೇದು ವೈರ್. ಮಿರರಿಗೆ ಹೋಗುವ ವೈರು ಬಾಗಿಲಿನ ಹಿಂಜಿನ ಹತ್ತಿರ ರಬ್ಬರ್ ಕೊಳವೆಯೊಳಗಿಂದ ಹೋಗುತ್ತದೆ. ಬಾಗಿಲು ಸಾವಿರಾರು ಸಲ ತೆರೆದು ಮುಚ್ಚಿ ಅದು ಒಳಗೇ ತುಂಡಾಗುತ್ತದೆ. ಬಾಗಿಲು ಒಂದು ಕೋನದಲ್ಲಿದ್ದಾಗ ಮಿರರ್ ಕೆಲಸ ಮಾಡಿ ಇನ್ನೊಂದು ಕೋನದಲ್ಲಿ ಮಾಡದಿದ್ದರೆ ವೈರ್ ಅಂತ ತಿಳಿಯಿರಿ.

ಮೂರನೇದು ಜನರಿಗೆ ಅಷ್ಟಾಗಿ ಗೊತ್ತಿಲ್ಲದ್ದು, ತಾನಾಗಿ ಕಪ್ಪಾಗುವ ಗಾಜಿನದ್ದು. ರಾತ್ರಿ ಹಿಂದಿನ ಕಾರಿನ ಲೈಟ್ ಕಣ್ಣಿಗೆ ಹೊಡೆಯದಿರಲಿ ಅಂತ ಗಾಜು ನೀಲಿ ಹಸಿರಾಗುತ್ತದಲ್ಲ, ಅದು. ಅಮೆರಿಕದ ಜೆಂಟೆಕ್ಸ್ ಕಂಪನಿ 1987ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಎರಡು ತೆಳು ಗಾಜಿನ ನಡುವೆ ಒಂದು ರಾಸಾಯನಿಕ ಜೆಲ್, ಅದಕ್ಕೆ ಸಣ್ಣ ಕರೆಂಟ್ ಕೊಟ್ಟರೆ ಬಣ್ಣ ಬರುತ್ತದೆ. ಹದಿನೈದು ಇಪ್ಪತ್ತು ಬೇಸಿಗೆ ಬಿಸಿಲು ಕುಡಿದ ಮೇಲೆ ಅಂಚಿನ ಸೀಲ್ ಬಿಡುತ್ತದೆ. ಗಾಜಿನಲ್ಲಿ ಕಂದು ಕಲೆ, ಗುಳ್ಳೆ, ಕೆಲವೊಮ್ಮೆ ಅಂಟು ದ್ರವ ಹೊರಗೆ ತೊಟ್ಟಿಕ್ಕುತ್ತದೆ. ಆ ದ್ರವವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣಿಗೆ ತಾಗಿಸಬೇಡಿ. ಪೇಂಟನ್ನೂ, ಒಳಗಿನ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಕೈಗೆ ತಾಗಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಪರೀಕ್ಷೆ ಸುಲಭ. ಕಾರು ಆನ್ ಮಾಡಿ, ಒಳಗಿನ ಮಿರರಿನ ಮುಂಬದಿಯ ಸಣ್ಣ ಸೆನ್ಸರನ್ನು ಬೆರಳಿನಿಂದ ಮುಚ್ಚಿ, ನಿಮ್ಮ ಕಡೆಯ ಸೆನ್ಸರಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಕೆಲವು ಸೆಕೆಂಡಿನಲ್ಲಿ ಗಾಜು ಸಮನಾಗಿ ಕಪ್ಪಾಗಬೇಕು. ಗೇರ್ ರಿವರ್ಸಿನಲ್ಲಿ ಇರಬಾರದು, ಆಗ ಅದು ಕಪ್ಪಾಗುವುದಿಲ್ಲ.

ಕೊನೆಗೆ ಬಿಲ್ ಎಷ್ಟಾಯಿತು?

ಅದೇ ಶುಕ್ರವಾರ ಸಂಜೆ ಸನಾಯಾಕ್ಕೆ ಹೋಗಿ ನನಗೆ ಪರಿಚಯದ ಮೆಕ್ಯಾನಿಕ್‌ಗೆ ವಿಡಿಯೋ ತೋರಿಸಿದೆವು. ನನ್ನ ಹಳೇ ಕಾರು ಇದೇ ಕಾಯಿಲೆಯಲ್ಲಿ ಅವರ ಹತ್ತಿರ ಹೋಗಿತ್ತು, ನಾನು ಕಲಿತದ್ದೂ ಹಾಗೇ. ಅವರು ಬರೆದುಕೊಟ್ಟ ಲೆಕ್ಕ: ಪೈಪ್ ಕ್ಲೀನಿಂಗ್ 150. ಕಾರ್ಪೆಟ್ ಬಿಚ್ಚಿ ಒಣಗಿಸುವುದು 200. ಮಿರರ್ ಗೇರ್ 130. ಸ್ಕ್ರ್ಯಾಪಿನಿಂದ ಮಿರರ್ ಗಾಜು 180. ಒಟ್ಟು 660 ರಿಯಾಲ್.

ಎರಡು ಕಾಗದ, ಎರಡು ವಿಡಿಯೋ. ಬಾಬಾನ ಹತ್ತಿರ ವಾದ ಮಾಡಬೇಡ, ದೊಡ್ಡ ಮಗನಿಗೆ ಮೊದಲು ತೋರಿಸು ಅಂದೆ. ಮಗ ಓದಿದವನು, ತಾನೇ ಬಂದು ಬಾಟಲಿಯಲ್ಲಿ ನೀರು ಬಿಟ್ಟು ನೋಡಿದನಂತೆ. 660 ಅವನೇ ಕೊಟ್ಟ. ಮೇಲ್ಛಾವಣಿ ಬಟ್ಟೆಯ ಕಲೆ ಹಾಗೇ ಇದೆ, ಇರಲಿ ಅಂದರಂತೆ. ಮೊದಲು ಕಟ್ ಆದ 300 ವಾಪಸ್ ಬರಲಿಲ್ಲ. ಉಳಿದ 3,850 ಉಳಿಯಿತು. ನರ್ಸಿಂಗ್ ಸೀಟಿನ ಮೊದಲ ಕಂತು ಹೋಯಿತು.

ಪೈಪ್ ಕ್ಲೀನ್ ಮಾಡುವಾಗ ಒಂದು ಮಾತು. ಮೀನಿನ ಗಾಳದ ದಪ್ಪ ನೈಲಾನ್ ದಾರದಂಥದ್ದನ್ನು ಮೆಲ್ಲಗೆ ತೂರಿಸಬೇಕು. ಕಬ್ಬಿಣದ ತಂತಿ ಹಾಕಿದರೆ ಪೈಪ್ ತೂತಾಗುತ್ತದೆ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಪೈಪ್ ತನ್ನ ಮೂತಿಯಿಂದ ಕಳಚಿ ಒಳಗೇ ಬೀಳುತ್ತದೆ, ಆಮೇಲೆ ಮೇಲ್ಛಾವಣಿ ಬಿಚ್ಚದೆ ದಾರಿ ಇಲ್ಲ. ರಬ್ಬರಿಗೆ ಸಾಮಾನ್ಯ ಗ್ರೀಸ್ ಹಚ್ಚಬೇಡಿ, ಉಬ್ಬುತ್ತದೆ. ರಬ್ಬರಿಗೆಂದೇ ಬರುವ ಸಿಲಿಕಾನ್ ಹಚ್ಚಿ.

ಹೌಸ್ ಡ್ರೈವರ್ ಆಗಿರುವವರಿಗೆ

ಅಕ್ಟೋಬರ್ ಬಂತು ಅಂದರೆ, ಮಳೆಗೆ ಮೊದಲು, ಬಾಟಲಿ ಪರೀಕ್ಷೆ ಮಾಡಿ. ಕಟ್ಟಿದ್ದರೆ ಅಂದೇ ಮನೆಯವರಿಗೆ ವಾಟ್ಸಾಪ್‌ನಲ್ಲಿ ಹೇಳಿ, ಬಾಯಿಮಾತಿನಲ್ಲಿ ಅಲ್ಲ. ಹೊಸದಾಗಿ ಕಾರು ಕೈಗೆ ಬಂದ ದಿನವೇ ನಾಲ್ಕು ಸುತ್ತ, ಎರಡು ಮಿರರ್, ಸನ್‌ರೂಫ್, ಕಾರ್ಪೆಟ್ ಫೋಟೋ ತೆಗೆದಿಡಿ. ನಾವು ಅಕೌಂಟ್ಸ್‌ನವರು ಇದಕ್ಕೆ ಓಪನಿಂಗ್ ಬ್ಯಾಲೆನ್ಸ್ ಅಂತೇವೆ. ಓಪನಿಂಗ್ ಬ್ಯಾಲೆನ್ಸ್ ಬರೆದಿಡದಿದ್ದರೆ ಹಿಂದಿನವರ ಸಾಲವೂ ನಿಮ್ಮ ತಲೆಗೇ ಬರುತ್ತದೆ.

ಕೊಳ್ಳುವ ಆಸೆ ಇರುವವರಿಗೆ

ನಾನೂ ಒಮ್ಮೆ 17,000 ರಿಯಾಲಿಗೆ ಇಂಥ ಕಾರು ಕೊಂಡವನೇ. ಅದಕ್ಕೇ ಹೇಳುವುದು. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹದಿನೈದು ಸಾವಿರದ ಕಾರಿಗೆ ಸಿಗುವುದು ಮೂರು ಲಕ್ಷದ ಕಾರಿನ ಮಿರರೇ. ಕೊಳ್ಳುವ ಬೆಲೆಯ ಮೂರನೇ ಒಂದು ಭಾಗ ಬೇರೆ ತೆಗೆದಿಡಲು ಆಗದಿದ್ದರೆ ಆ ಕಾರು ನಿಮಗಲ್ಲ. ಇದು ನನ್ನ ಲೆಕ್ಕ.

ನೋಡಲು ಹೋದಾಗ ಕಾರ್ಪೆಟ್ ಮೂಲೆ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಹೊರಟುಬಿಡಿ. ಅಮೆರಿಕದಿಂದ ಬಂದ ಕಾರಾದರೆ ಇನ್ನೂ ಎಚ್ಚರ. 2017ರ ಹಾರ್ವೆ ಚಂಡಮಾರುತದಲ್ಲಿ ಟೆಕ್ಸಾಸಿನಲ್ಲಿ ಲಕ್ಷಗಟ್ಟಲೆ ಕಾರುಗಳು ನೀರಲ್ಲಿ ನಿಂತಿದ್ದವು, ಅಂಥವು ಒಣಗಿ ಪಾಲಿಶ್ ಆಗಿ ಹೊರದೇಶಕ್ಕೆ ಹೋಗುವುದುಂಟು. ಸಾಧ್ಯವಾದರೆ ಜಿಸಿಸಿ ಸ್ಪೆಕ್ ಕಾರನ್ನೇ ನೋಡಿ. ಒಡೆದ ಮಿರರ್ ಇಟ್ಟುಕೊಂಡು ಫಾಹೆಸ್ ಪರೀಕ್ಷೆಗೆ ಹೋಗಬೇಡಿ.

"ಊರಿಗೆ ಹೋಗುವಾಗ ತಗೊಂಡು ಹೋಗ್ತೇನೆ" ಅನ್ನುವವರೂ ಇದ್ದಾರೆ. ಆಗುವುದಿಲ್ಲ. ಭಾರತಕ್ಕೆ ತರುವ ಹಳೇ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು. ಇಲ್ಲಿಯದು ಎಡಗಡೆ. ಹಾಗಾಗಿ ಇಲ್ಲೇ ಮಾರಬೇಕು, ಅದೂ ಟಿಕೆಟ್ ಬುಕ್ ಆದ ಮೇಲೆ ಅವಸರದಲ್ಲಿ. ಅವಸರದವನ ಕಾರಿಗೆ ಬೆಲೆ ಹೇಳುವವನು ಕೊಳ್ಳುವವನು.

ಊರಿನಲ್ಲಿರುವ ಮನೆಯವರಿಗೂ ಒಂದು ಮಾತು. ಈಗ ಅಲ್ಲಿ ಸಣ್ಣ ಕಾರಿಗೂ ಸನ್‌ರೂಫ್ ಬಂದಿದೆ. ಮೇ ತಿಂಗಳಲ್ಲಿ ಇದೇ ಬಾಟಲಿ ಪರೀಕ್ಷೆ ಮಾಡಿಸಿ, ಮಾವಿನ ಮರದಡಿ ನಿಲ್ಲಿಸುವ ಕಾರಾದರೆ ತಪ್ಪದೆ. ಮತ್ತು ಮಕ್ಕಳನ್ನು ಅದರಲ್ಲಿ ತಲೆ ಹೊರಗೆ ಹಾಕಿ ನಿಲ್ಲಿಸಬೇಡಿ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಗೆ ನಿಂತಿದ್ದ ಹುಡುಗನ ತಲೆ ರಸ್ತೆಗೆ ಅಡ್ಡ ಕಟ್ಟಿದ್ದ ಕಬ್ಬಿಣದ ಕಮಾನಿಗೆ ಬಡಿದ ವಿಡಿಯೋ ನೀವೆಲ್ಲ ನೋಡಿದ್ದೀರಿ.

ಬಂಟ್ವಾಳದ ನಮ್ಮ ತಮ್ಮ ಈಗ ಡಿಕ್ಕಿಯಲ್ಲಿ ಒಂದು ಖಾಲಿ ನೀರಿನ ಬಾಟಲಿ ಇಟ್ಟುಕೊಂಡಿದ್ದಾನೆ. ತಿಂಗಳಿಗೊಮ್ಮೆ ನಾಲ್ಕೂ ಮೂಲೆಗೆ ನೀರು ಬಿಟ್ಟು, ಕೆಳಗೆ ಬಗ್ಗಿ ನೋಡಿ, ಫೋಟೋ ತೆಗೆದು ತಾರೀಕು ಹಾಕಿಡುತ್ತಾನೆ. ಐದು ನಿಮಿಷದ ಕೆಲಸ. ನೀವೂ ಮಾಡಿ.